ಗಾಂಧಿನಗರದ ಒಂದು ರಬ್ಬರ್ ಸೀಲಿನ ಸಂದರ್ಶನ

ಗಾಂಧಿನಗರದ ಲಿಫ್ಟಿಲ್ಲದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ನಿರ್ದೇಶಕರ ಮಾತೇ ಕೊನೆಯೆನ್ನುವ ಸಿನಿಮಾ ಬಿಟ್ಟು ಬೇರೇನೂ ಮಾಡೆವೆಂದು ಹಟ ಹಿಡಿದ ನಿರ್ಮಾಣ ಸಂಸ್ಥೆಯಿದೆ. ಮಾಲೀಕರು ಲೊಕೇಶನ್ ನೋಡಲು ಹೋಗಿದ್ದರು (ಸಾಲ ಕೊಟ್ಟವರು ಬರುವ ದಿನ ಅದು). ಹಾಗಾಗಿ ಮೇಜಿನ ಮೇಲಿದ್ದ ಸಂಸ್ಥೆಯ ಸೀಲನ್ನೇ ಮಾತಾಡಿಸಿದೆವು.

ಪ್ರಶ್ನೆ: ತಮ್ಮ ದಿನಚರಿ?

ಸೀಲು: ಗುದ್ದಿಸಿಕೊಳ್ಳುವುದು. ಸೆನ್ಸಾರ್ ಅರ್ಜಿ, ಸಬ್ಸಿಡಿ ಅರ್ಜಿ, ಫೆಸ್ಟಿವಲ್ ಅರ್ಜಿ. ಹಣ ಬಂದ ರಶೀದಿಯ ಮೇಲೆ ಮಾತ್ರ ಇನ್ನೂ ಬಿದ್ದಿಲ್ಲ.

ಪ್ರಶ್ನೆ: ನಿರ್ದೇಶಕರೊಂದಿಗೆ ಕರಾರು ಹೇಗೆ?

ಸೀಲು: ಒಂದೇ ಪುಟ. ಕೊನೆಯ ಎಡಿಟಿಂಗ್ ಅವರದ್ದು, ಬಡ್ಡಿ ನಮ್ಮದು. ಹೋದ ಸಲ ಮಲೆನಾಡಿನಲ್ಲಿ ಮಂಜು ಬೇಕೆಂದು ಕಾದರು. ಯೂನಿಟ್‌ನವರು ಲಾಡ್ಜಿನಲ್ಲಿ ಇಸ್ಪೀಟಾಡಿದರು, ಬಾಟಾ ಮಾತ್ರ ದಿನಾ ಕೊಡಬೇಕಾಯಿತು. ಕೊನೆಗೊಂದು ಬೆಳಿಗ್ಗೆ ಮಂಜು ಕವಿಯಿತು. ನಿರ್ದೇಶಕರು ಹೊರಗೆ ಬಂದು ನೋಡಿ, "ಬೇಡ, ತುಂಬಾ ಚೆನ್ನಾಗಿ ಕಾಣುತ್ತೆ" ಅಂದರು.

ಪ್ರಶ್ನೆ: ದುಡ್ಡು ಎಲ್ಲಿಂದ?

ಸೀಲು: ಸಿನಿಮಾದಿಂದಂತೂ ಅಲ್ಲ. ನಮ್ಮ ವಂಶಾವಳಿ ನೋಡಿ. 1970ರ 'ಸಂಸ್ಕಾರ'ವನ್ನು ಪಟ್ಟಾಭಿರಾಮ ರೆಡ್ಡಿ ತಾವೇ ನಿರ್ಮಿಸಿ ನಿರ್ದೇಶಿಸಿದರು. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ಅದಕ್ಕೇ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು. ಕಾಸರವಳ್ಳಿಯವರ 'ದ್ವೀಪ'ಕ್ಕೆ ಹಣ ಹಾಕಿದ್ದು ನಟಿ ಸೌಂದರ್ಯ. 'ಪೆದ್ರೊ', 'ಶಿವಮ್ಮ'ನ ಹಿಂದೆ ರಿಷಬ್ ಶೆಟ್ಟಿ. 2013ರ 'ಲೂಸಿಯಾ'ಕ್ಕೆ ಪ್ರೇಕ್ಷಕರೇ ಮುಂಗಡ ಕೊಟ್ಟರು. ಬೇರೆಡೆ ದುಡಿದದ್ದನ್ನು ಇಲ್ಲಿ ತಂದು ಸುರಿಯುವವರಿದ್ದರೆ ಕಂಪನಿ ಉಂಟು, ಇಲ್ಲದಿದ್ದರೆ ಬೋರ್ಡು ಮಾತ್ರ. ನಮ್ಮ ಮಾಲೀಕರಿಗೆ ನಾಗರಭಾವಿಯಲ್ಲಿ ಸೈಟಿತ್ತು.

ಪ್ರಶ್ನೆ: ಇತ್ತು?

ಸೀಲು: ಹ್ಞೂಂ. ಇತ್ತು.

ಪ್ರಶ್ನೆ: ಸರ್ಕಾರದ ಸಬ್ಸಿಡಿ?

ಸೀಲು: ಬರುತ್ತೆ. ಸಿನಿಮಾ ಮುಗಿದು, ಸಮಿತಿ ನೋಡಿ, ಪಟ್ಟಿ ಹೊರಬಿದ್ದ ಮೇಲೆ. ಸಾಲ ಕೊಟ್ಟವರಿಗೆ ಅಷ್ಟು ತಾಳ್ಮೆಯಿರಲ್ಲ.

ಪ್ರಶ್ನೆ: ವಿದೇಶದಲ್ಲಿ ಗೌರವವಿದೆಯಲ್ಲ?

ಸೀಲು: ಇದೆ ಸ್ವಾಮಿ. 2015ರಲ್ಲಿ 'ತಿಥಿ' ಲೊಕಾರ್ನೊ ಫೆಸ್ಟಿವಲ್‌ನಲ್ಲಿ ಚಿನ್ನದ ಚಿರತೆ ತಂತು. 2022ರಲ್ಲಿ 'ಶಿವಮ್ಮ' ಬೂಸಾನ್‌ನಲ್ಲಿ ಗೆದ್ದಳು. ನಮ್ಮದೂ ಒಂದು ಊರಿಗೆ ಹೋಗಿ ಬಂತು, ಪೋಸ್ಟರಿನ ಮೇಲೆ ಫೆಸ್ಟಿವಲ್‌ನ ಆ ಎಲೆಗಳ ಗುರುತು ಹಾಕಿಸಿದೆವು. ಥಿಯೇಟರಿನವರು ಅದನ್ನು ನೋಡಿ "ಅವಾರ್ಡ್ ಪಿಕ್ಚರಾ?" ಅಂದರು. ಎರಡಿದ್ದ ಶೋ ಒಂದಾಯಿತು.

ಪ್ರಶ್ನೆ: ಒಟಿಟಿಗೆ ಕೊಡಬಹುದಿತ್ತು.

ಸೀಲು: ಅವರು "ಥಿಯೇಟರಲ್ಲಿ ಓಡಲಿ, ಆಮೇಲೆ ಬನ್ನಿ" ಅಂತಾರೆ. ಥಿಯೇಟರಿನವರು "ಒಟಿಟಿಗೆ ಬರುತ್ತಲ್ಲ, ಇಲ್ಲಿಗೆ ಯಾರು ಬರ್ತಾರೆ?" ಅಂತಾರೆ. ನಡುವೆ ಒಂದು ಹಾರ್ಡ್‌ಡಿಸ್ಕ್, ಆ ಬೀರುವಿನಲ್ಲಿ ಮಲಗಿದೆ.

ಪ್ರಶ್ನೆ: ಮತ್ತೆ ಬಾಗಿಲು ಯಾಕೆ ಹಾಕಿಲ್ಲ?

ಸೀಲು: ಹಾಕುವುದೆಂದೇ ತೀರ್ಮಾನವಾಗಿತ್ತು. ಮೊನ್ನೆ ಒಬ್ಬ ಹುಡುಗ ಸ್ಕ್ರಿಪ್ಟ್ ತಂದ. ಮೊದಲ ಹನ್ನೆರಡು ಪುಟ ಯಾರೂ ಮಾತೇ ಆಡಲ್ಲ. ಒಬ್ಬಳು ಮುದುಕಿ ಪಡಿತರದ ಅಂಗಡಿ ಮುಂದೆ ಚೀಲ ಹಿಡಿದು ನಿಂತಿರುತ್ತಾಳೆ, ಅಷ್ಟೇ. ಮಾಲೀಕರು ಓದುತ್ತಿದ್ದಂತೆ ಕಾಫಿ ಆರಿಹೋಯಿತು. ಆಮೇಲೆ ಮನೆಗೆ ಫೋನ್ ಮಾಡಿ, "ಆ ಇನ್ನೊಂದು ಸೈಟಿನ ಪತ್ರ ಎಲ್ಲಿಟ್ಟಿದ್ದೀಯೇ?" ಅಂದರು.

ಪ್ರಶ್ನೆ: ಕೊನೆಯದಾಗಿ, ನಿಮ್ಮ ಆ ಸಿನಿಮಾದ ಶುಕ್ರವಾರದ ಬಿಡುಗಡೆಗೆ ಎರಡು ಪಾಸ್ ಸಿಗಬಹುದೇ?

ಸೀಲು: ಪಾಸ್ ಕೇಳಬೇಡಿ ಸ್ವಾಮಿ. ಬೆಳಿಗ್ಗೆ 10ರ ಶೋ ಇದೆ, ಟಿಕೆಟ್ ಕೊಂಡು ಬನ್ನಿ. ಶುಕ್ರವಾರವೇ ಬನ್ನಿ, ಸೋಮವಾರ ಇರಲ್ಲ.