ತೊಂದರೆ ಕೊಡದ ಪ್ರಾಣಿಯೊಡನೆ ಒಂದು ಸಂದರ್ಶನ

ಕೆಂಪುಕಿವಿ ಆಮೆ ಒಬ್ಬಂಟಿ ಉದ್ಯೋಗಿಗಳಿಗೆಂದೇ ಸೃಷ್ಟಿಯಾದ ಸಾಕುಪ್ರಾಣಿ ಎಂಬುದು ಅಕ್ವೇರಿಯಂ ಅಂಗಡಿಗಳ ನಂಬಿಕೆ. ಬೆಳಗ್ಗೆ ಎಂಟಕ್ಕೆ ಬೀಗ ಹಾಕಿ ರಾತ್ರಿ ಒಂಬತ್ತಕ್ಕೆ ತೆಗೆಯುವವರು ಅಲ್ಲಿ ಹೋಗಿ ‘ಮೇಂಟೆನೆನ್ಸ್ ಇಲ್ಲದ್ದು ಏನಾದರೂ ಇದೆಯಾ’ ಎಂದು ಕೇಳಿದರೆ ಕೌಂಟರಿನ ಮೇಲೆ ಬರುವುದು ಇದೇ. ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಪಟ್ಟೆ, ಅಳತೆಯಲ್ಲಿ ಐದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ತವರು ಅಮೆರಿಕದ ಮಿಸಿಸಿಪ್ಪಿ ನದೀಕಣಿವೆ. ಅಂಗಡಿಯವರು ಹೇಳುವ ಗುಣಗಳು ಮೂರು: ಗಲಾಟೆ ಮಾಡುವುದಿಲ್ಲ, ಕೂದಲು ಉದುರಿಸುವುದಿಲ್ಲ, ಉತ್ತರ ದಿಕ್ಕಿಗಿಟ್ಟರೆ ದುಡ್ಡು ತರುತ್ತದೆ. ಇವನ್ನು ಪರಿಶೀಲಿಸುವ ಸಲುವಾಗಿ, ಬೆಂಗಳೂರಿನ ಮಾರತ್ತಹಳ್ಳಿ ಕಡೆಯ ಒನ್ ಬಿಎಚ್‌ಕೆ ಮನೆಯೊಂದರಲ್ಲಿ ನಾಲ್ಕು ವರ್ಷಗಳಿಂದ ವಾಸವಾಗಿರುವ ಹೆಣ್ಣಾಮೆಯನ್ನು ಸಂದರ್ಶಿಸಲಾಯಿತು. ಹೊತ್ತು ಮಧ್ಯಾಹ್ನ ಮೂರು. ಯಜಮಾನರು ಕಚೇರಿಯಲ್ಲಿದ್ದರು, ಅವರು ಇರುವುದೇ ಅಲ್ಲಿ.

ಮೊದಲ ಪ್ರಶ್ನೆ ವಸತಿಯದು. ಆಮೆಯ ಜೊತೆಗೇ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ತೊಟ್ಟಿಯೇ ಅದರ ಮನೆ. ತೊಟ್ಟಿಯ ಉದ್ದ ಒಂದು ಅಡಿ. ನಡುವೆ ಅಂಗೈಯಗಲದ ದ್ವೀಪ, ಹತ್ತಲು ಗೀರು ಹಾಕಿದ ಇಳಿಜಾರು, ತುದಿಯಲ್ಲಿ ಮೂರು ಗರಿಯ ಪ್ಲಾಸ್ಟಿಕ್ ತೆಂಗಿನಮರ. ಆಮೆಯ ಚಿಪ್ಪು ಈಗ ಹದಿನೈದು ಸೆಂಟಿಮೀಟರು. ದ್ವೀಪ ಹತ್ತಿದರೆ ಹಿಂಗಾಲುಗಳು ನೀರಿನಲ್ಲೇ ಉಳಿಯುತ್ತವೆ. ನೀರು ಕಂದಿ, ಅಂಚಿನಲ್ಲಿ ಲೋಳೆ ಕಟ್ಟಿತ್ತು. ಚಿಪ್ಪಿನ ಅಂಚು ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ಇವಾವುದರ ಬಗ್ಗೆಯೂ ಆಮೆ ಮಾತೆತ್ತಲಿಲ್ಲ. ಅದರ ತಕರಾರೆಲ್ಲ ಮರದ ಮೇಲೆ.

“ಆ ತೆಂಗಿನಮರ ನೋಡಿದ್ರಾ ಸಾರ್? ನಾಲ್ಕು ವರ್ಷದಿಂದ ಅದರ ಗರಿ ಕತ್ತಿಗೆ ಚುಚ್ತಾ ಇದೆ. ಮಿಸಿಸಿಪ್ಪಿಯಲ್ಲಿ ನಮ್ಮ ಮುತ್ತಜ್ಜಿಯರು ನೀರಿಗೆ ಬಿದ್ದ ದಿಮ್ಮಿ ಮೇಲೆ ಒಬ್ಬರ ಬೆನ್ನ ಮೇಲೊಬ್ಬರು ಹತ್ತಿ ಬಿಸಿಲು ಕಾಯಿಸ್ತಿದ್ರು. ಅಲ್ಲಿ ತೆಂಗಿನಮರ ಎಲ್ಲಿಂದ ಬಂತು? ಹೋಗಲಿ, ಎಳನೀರಾದರೂ ಬಿಡುತ್ತಾ ಇದು?”

ಮರದ ಮಾತು ಬದಿಗಿಟ್ಟು ಲೆಕ್ಕ ಹಾಕಿದರೆ ಈ ಪ್ರಾಣಿಗೆ ಬೇಕಾದ ವಸತಿ ಹೀಗಿದೆ. ಪೂರ್ತಿ ಬೆಳೆದ ಹೆಣ್ಣಾಮೆ 25ರಿಂದ 30 ಸೆಂಟಿಮೀಟರ್ ಆಗುತ್ತದೆ. ಅದಕ್ಕೆ ಮುನ್ನೂರು ಲೀಟರಿಗಿಂತ ಹೆಚ್ಚು ನೀರು, ಒಳ್ಳೆಯ ಫಿಲ್ಟರು, ಮೈ ಪೂರ್ತಿ ಒಣಗಿಸಿಕೊಳ್ಳಲು ಬೆಚ್ಚನೆಯ ದಡ ಬೇಕು. ದಡದ ಮೇಲೆ ಯುವಿಬಿ ದೀಪ ಇರಬೇಕು. ಈ ಕಿರಣ ಬೀಳದಿದ್ದರೆ ಮೈಯಲ್ಲಿ ವಿಟಮಿನ್ ಡಿ ತಯಾರಾಗದು, ಕ್ಯಾಲ್ಸಿಯಂ ಹೀರಿಕೆಯಾಗದು, ಚಿಪ್ಪು ಮೆತ್ತಗಾಗುತ್ತದೆ. ತೊಟ್ಟಿಯನ್ನು ಕಿಟಕಿಯ ಪಕ್ಕ ಇಟ್ಟಿದ್ದೇವಲ್ಲ ಎಂಬ ಸಮಾಧಾನಕ್ಕೆ ಅರ್ಥವಿಲ್ಲ: ಕಿಟಕಿಯ ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಯುವಿಬಿಯನ್ನು ತಡೆಯುತ್ತದೆ. ದೀಪ ಕೊಂಡರೂ ವರ್ಷದೊಳಗೆ ಬದಲಿಸಬೇಕು. ಅದು ಉರಿಯುತ್ತಲೇ ಇರುತ್ತದೆ, ಕಿರಣ ಮಾತ್ರ ಕ್ಷೀಣಿಸಿರುತ್ತದೆ.

ಎರಡನೆಯ ಪ್ರಶ್ನೆ ಆಹಾರದ್ದಾಗಬೇಕಿತ್ತು. ಆದರೆ ಸಂದರ್ಶಕರು ‘ಯಜಮಾನರು ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಾರೆ?’ ಎಂದು ಕೇಳಿದರು. ದುಡಿಮೆಯ ಗಂಟೆ ಅವರ ಹಳೆಯ ಗೀಳು. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು ಯುವಕರಿಗೆ 70 ಗಂಟೆ ಎಂದದ್ದು, 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ 90 ಗಂಟೆಯ ಮಾತು ಹೊರಬಿದ್ದದ್ದು, ಅದೇ ವರ್ಷ ರಾಜ್ಯ ಸರ್ಕಾರ ದಿನಕ್ಕೆ 10 ಗಂಟೆ, ಓಟಿ ಸೇರಿ 12 ಗಂಟೆ ಎಂಬ ಪ್ರಸ್ತಾವ ಮುಂದಿಟ್ಟದ್ದು, ಎಲ್ಲವನ್ನೂ ಅವರು ಆಮೆಗೆ ವಿವರಿಸಿದರು. ವಾರಕ್ಕಿರುವುದು 168 ಗಂಟೆ. ತೊಂಬತ್ತು ಕಳೆದರೆ 78. ದಿನಕ್ಕೆ ಏಳು ಗಂಟೆ ನಿದ್ದೆ ಕಳೆದರೆ 29. ಆರು ದಿನ ಎರಡೂವರೆ ಗಂಟೆ ರಿಂಗ್ ರೋಡಿಗೆ ಕೊಟ್ಟರೆ ಉಳಿಯುವುದು 14, ಅಂದರೆ ದಿನಕ್ಕೆ ಎರಡು ಗಂಟೆ. ಸ್ನಾನ, ಅಡುಗೆ, ಬಟ್ಟೆ ಒಗೆತ, ಊರಿಂದ ಬರುವ ಅಮ್ಮನ ಫೋನು ಎಲ್ಲವೂ ಅದರಲ್ಲೇ ಮುಗಿಯಬೇಕು.

“ಅದೆಲ್ಲ ಸರಿ ಸಾರ್, ಮರದ ವಿಷಯ ಬರ್ಕೊಂಡ್ರಾ?” ಎಂದಿತು ಆಮೆ.

ಆಹಾರದ ವಿಷಯ ಆಮೇಲೆ ಬಂತು. ಯಜಮಾನರು ಹಾಕುವುದು ಡಬ್ಬಿಯಲ್ಲಿ ಬರುವ ಒಣ ಸಿಗಡಿ, ರಾತ್ರಿ ಒಂದು ಚಿಟಿಕೆ. ಅದನ್ನೇ ತಿಂದು ಬೆಳೆದ ಆಮೆಗೆ ವಿಟಮಿನ್ ಎ ಕೊರತೆಯಾಗಿ ರೆಪ್ಪೆ ಊದಿಕೊಳ್ಳುತ್ತದೆ, ಕಣ್ಣು ತೆರೆಯಲಾಗುವುದಿಲ್ಲ. ಕಣ್ಣು ಕಾಣದ ಆಮೆ ಊಟ ಬಿಡುತ್ತದೆ. ಯಜಮಾನರು ಇದನ್ನು ಕಂಡು, ಪಾಪ, ನಿದ್ದೆ ಮಾಡುತ್ತಿದೆ ಎಂದುಕೊಂಡು ಲೈಟು ಆರಿಸಿ ತಾವೂ ಮಲಗಿದ್ದರು. ಎಳೆಯ ಆಮೆಗೆ ಮಾಂಸಾಹಾರ ಹೆಚ್ಚು ಬೇಕು, ಬೆಳೆದಂತೆ ಸೊಪ್ಪು, ಜಲಸಸ್ಯ ಹೆಚ್ಚಬೇಕು. ಆಮೆ ನುಂಗುವುದು ನೀರೊಳಗೇ ಆದ್ದರಿಂದ ಉಳಿದ ಎಂಜಲೂ ಮಲವೂ ಅದೇ ನೀರಿಗೆ ಸೇರುತ್ತವೆ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಇರಬಹುದು. ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆಯಬೇಕು. ಮಕ್ಕಳಿಗೆ ಈ ಸೋಂಕು ಹರಡಿತೆಂದೇ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಿತು. ನಮ್ಮ ಅಂಗಡಿಗಳಲ್ಲಿ ಚಿಕ್ಕದಿದ್ದಷ್ಟೂ ಬೇಡಿಕೆ ಹೆಚ್ಚು.

ಆಯುಸ್ಸು ಮೂರನೆಯ ಅಂಶ. ಚೆನ್ನಾಗಿ ಸಾಕಿದ ಕೆಂಪುಕಿವಿ ಆಮೆ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆ. ಮನೆಸಾಲದ ಕಂತಿನ ಹಾಗೆ ಇದೂ ಕೆಲಸ ಬದಲಾದರೂ, ಊರು ಬದಲಾದರೂ, ಮದುವೆಯಾದರೂ ಬೆನ್ನು ಬಿಡುವುದಿಲ್ಲ. ದುಡ್ಡು ತರುವ ಗುಣದ ಬಗ್ಗೆ ಕೇಳಿದಾಗ, ಈ ನಾಲ್ಕು ವರ್ಷಗಳಲ್ಲಿ ಯಜಮಾನರಿಗೆ ಎರಡು ಸಲ ಇಂಕ್ರಿಮೆಂಟ್ ಬಂದಿದೆಯೆಂದೂ ಬಾಡಿಗೆ ಮೂರು ಸಲ ಏರಿದೆಯೆಂದೂ ಆಮೆ ತಿಳಿಸಿತು. ತೊಟ್ಟಿ ಉತ್ತರಕ್ಕೇ ಇತ್ತು.

ಬೇರೆ ಪ್ರಾಣಿಗಳನ್ನು ಆರಿಸಬಹುದೇ ಎಂಬುದು ಮುಂದಿನ ಪ್ರಶ್ನೆ. ನಾಯಿಮರಿಯಾದರೆ, ಮೂರು ತಿಂಗಳ ಮರಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ತಡೆಯಲಾರದು. ಬೆಳೆದ ನಾಯಿಗೂ ಇಡೀ ದಿನದ ಒಂಟಿತನ ಆಗಿಬರುವುದಿಲ್ಲ, ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ. ಅಪಾರ್ಟ್‌ಮೆಂಟ್ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆಗೆ ಅಡ್ಡಿ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯಿದೆ. ಲಿಫ್ಟಿನಲ್ಲಿ ನಾಯಿಯ ಜೊತೆ ಇಳಿಯಲು ಯಜಮಾನರು ಮನೆಯಲ್ಲಿರಬೇಕು ಎಂಬುದನ್ನು ಮಾರ್ಗಸೂಚಿ ಹೇಳಿಲ್ಲ. ಇಲ್ಲಿ ಸಂದರ್ಶಕರು ಮತ್ತೆ 90 ಗಂಟೆಯ ಕಡೆ ಹೊರಳುವುದರಲ್ಲಿದ್ದರು, ಆಮೆ ಅಡ್ಡ ಬಾಯಿ ಹಾಕಿತು.

“ನಾಯಿ ಪುಣ್ಯವಂತ ಸಾರ್. ಅತ್ತರೆ ವಾಟ್ಸಾಪ್ ಗ್ರೂಪಿಗೆ ದೂರು ಹೋಗುತ್ತೆ, ಸೆಕ್ರೆಟರಿ ಬಂದು ಬಾಗಿಲು ತಟ್ತಾರೆ. ನನ್ನ ಮೇಲೆ ಇವತ್ತಿನ ತನಕ ಒಂದು ದೂರೂ ಇಲ್ಲ.”

ಬೆಟ್ಟಾ ಮೀನಿನದೂ ಇದೇ ಸ್ಥಿತಿ. ಅದು ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು. ಹೀಗಾಗಿ ಲೋಟದಂಥ ಬಾಟಲಿಯಲ್ಲೂ ಸಾಯದೆ ದಿನ ನೂಕುತ್ತದೆ, ಸಾಯದಿರುವುದನ್ನೇ ಸುಖವೆಂದು ಮಾರಲಾಗುತ್ತದೆ. ಅದಕ್ಕೆ ಬೇಕಾದದ್ದು ಸುಮಾರು ಇಪ್ಪತ್ತು ಲೀಟರ್ ಬೆಚ್ಚನೆಯ ನೀರು, ಜೊತೆಗೆ ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಗೊಂಡ ತೊಟ್ಟಿ. ಆ ನೆಲೆಗೊಳ್ಳುವಿಕೆಗೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗಿಳಿ ಮತ್ತು ನಕ್ಷತ್ರ ಆಮೆಗಳ ಮಾತೇ ಬೇಡ: ನಮ್ಮ ಕಾಡಿನ ಗಿಳಿಗಳನ್ನೂ ನಕ್ಷತ್ರ ಆಮೆಯನ್ನೂ ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೆಕ್ಕು ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ಮಲಗುತ್ತದೆ. ವಯಸ್ಕ ಬೆಕ್ಕುಗಳ ಹೊಂದಿಕೊಂಡ ಜೋಡಿ ಹಗಲಿನ ಒಂಟಿತನವನ್ನು ಒಂದಿಷ್ಟು ತಾಳಿಕೊಳ್ಳುತ್ತದೆ. ಆದರೂ ಅವುಗಳ ಮರಳಿನ ಟ್ರೇ ದಿನವೂ ಶುಚಿಯಾಗಬೇಕು, ಬಾಲ್ಕನಿಗೆ ಬಲೆ ಬೇಕು, ರಾತ್ರಿ ಆಟಕ್ಕೆ ಜನ ಬೇಕು.

ಕೊನೆಯ ಪ್ರಶ್ನೆ, ಸಾಕಲಾಗದಿದ್ದರೆ ಏನು ಮಾಡಬೇಕು ಎಂಬುದು. ಆಮೆ ಕೂಡಲೇ ಉತ್ತರಿಸಲಿಲ್ಲ. ಉತ್ತರಿಸಿದಾಗ ಅದರಲ್ಲಿ ‘ಸಾರ್’ ಇರಲಿಲ್ಲ.

“ಪಕ್ಕದ ಬ್ಲಾಕಿನಲ್ಲಿ ನನ್ನಂಥದ್ದೇ ಇನ್ನೊಂದು ಇತ್ತು. ದೊಡ್ಡದಾಯಿತು, ವಾಸನೆ ಬಂತು ಅಂತ ಕೆರೆಗೆ ಬಿಟ್ಟರು. ಬಿಡುವಾಗ ವಿಡಿಯೊ ಮಾಡಿದರು, ‘ಫ್ರೀಡಂ’ ಅಂತ ಬರೆದು ಕೈ ಮುಗಿದ ಚಿತ್ರ ಹಾಕಿದರು. ಬಂದ ಲೈಕುಗಳನ್ನು ಎಣಿಸಿದರು. ಅದು ಬದುಕಿತೋ ಸತ್ತಿತೋ ನೋಡಲು ಒಬ್ಬರೂ ಹೋಗಲಿಲ್ಲ. ಸತ್ತರೆ ಅದರ ಕರ್ಮ. ಬದುಕಿದರೆ ಅಲ್ಲಿದ್ದ ನಿಮ್ಮ ಆಮೆಗಳ ಕರ್ಮ. ಹಾಗೆ ಬದುಕಿದ್ದಕ್ಕೆ ನಮ್ಮನ್ನೇ ‘ಆಕ್ರಮಣಕಾರಿ’ ಅಂತ ಪುಸ್ತಕದಲ್ಲಿ ಬರೆಯುತ್ತೀರಿ. ನಾವು ಈಜಿಕೊಂಡು ಬಂದೆವಾ ಇಲ್ಲಿಗೆ? ಗಂಟೆಯ ಲೆಕ್ಕ ಈಗ ಹಾಕುತ್ತಿದ್ದೀರಲ್ಲ, ಅದನ್ನು ಕೌಂಟರಿನ ಮುಂದೆ ನಿಂತಾಗ ಹಾಕಬೇಕಿತ್ತು.”

ಈ ಸಿಟ್ಟಿಗೆ ಆಧಾರವಿದೆ. ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಐರೋಪ್ಯ ಒಕ್ಕೂಟ 1997ರಲ್ಲೇ ಇದರ ಆಮದನ್ನು ನಿಲ್ಲಿಸಿತು. ಭಾರತದಲ್ಲಿ ಕೇರಳದ ತ್ರಿಶೂರಿನ ಕಾಲುವೆಯಲ್ಲೂ ಗುವಾಹಟಿಯ ದೇವಸ್ಥಾನದ ಕೊಳದಲ್ಲೂ ಇದು ಸಿಕ್ಕಿದೆ. ಕೆರೆಗೆ ಬಿದ್ದ ಕೆಂಪುಕಿವಿ ಆಮೆ ಸ್ಥಳೀಯ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿಗಿಳಿಯುತ್ತದೆ, ರೋಗಗಳನ್ನೂ ಹೊತ್ತೊಯ್ಯಬಲ್ಲದು. ಇನ್ನು ಕಾನೂನು: ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ದಶಕಗಳು ಕಳೆದರೂ ಈ ಮೊತ್ತ ಬದಲಾಗಿಲ್ಲ. ಆಮೆಯ ಡಬ್ಬಿಯ ಸಿಗಡಿ ಇದಕ್ಕಿಂತ ದುಬಾರಿ.

ಸಂದರ್ಶನದಿಂದ ತಿಳಿಯುವ ಪಾಠ ಹೀಗಿದೆ. ಒಬ್ಬರೇ ಇರುವವರು ಪ್ರಾಣಿಯ ಹೆಸರು ಯೋಚಿಸುವ ಮುಂಚೆ ತಮ್ಮ ವಾರದ ಗಂಟೆಗಳನ್ನು ಕಾಗದದ ಮೇಲೆ ಬರೆಯಬೇಕು. ದಿನವೂ ಬಿಡುವಾಗಿ ಉಳಿಯುವ ಹೊತ್ತೆಷ್ಟು, ದಸರೆಗೆ ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಹತ್ತಿರದಲ್ಲಿ ಆ ಪ್ರಾಣಿಯನ್ನು ಬಲ್ಲ ಪಶುವೈದ್ಯರಿದ್ದಾರೆಯೇ, ಇಪ್ಪತ್ತು ವರ್ಷದ ಹೊಣೆ ಹೊರಲು ಸಾಧ್ಯವೇ ಎಂಬ ನಾಲ್ಕಕ್ಕೂ ಉತ್ತರ ಸಿಕ್ಕರೆ ಮಾತ್ರ ಮುಂದಿನ ಮಾತು. ಪ್ರಾಣಿ ಎಷ್ಟು ಸದ್ದು ಮಾಡುತ್ತದೆ ಎಂಬುದು ಅದರ ಅಗತ್ಯದ ಅಳತೆಯಾಗದು. ಸದ್ದು ಮಾಡದ ಪ್ರಾಣಿಯ ಕಷ್ಟವನ್ನು ಮನುಷ್ಯನೇ ದಿನವೂ ಹತ್ತಿರ ಕೂತು ನೋಡಿ ತಿಳಿಯಬೇಕು, ಅದಕ್ಕೆ ನಾಯಿಯದಕ್ಕಿಂತ ಹೆಚ್ಚು ಗಮನ ಬೇಕು. ಗಂಟೆಗಳು ಸಾಲದವರು ಸಾಕದಿರುವುದು ಒಳ್ಳೆಯದು. ಪ್ರಾಣಿಗಳ ಒಡನಾಟ ಬೇಕೆನಿಸಿದರೆ 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂಥ ಪ್ರಾಣಿ ಕಲ್ಯಾಣ ಸಂಸ್ಥೆಗಳಲ್ಲಿ ರಜೆಯ ದಿನ ಸ್ವಯಂಸೇವೆ ಮಾಡಬಹುದು. ಕೆಂಪುಕಿವಿ ಆಮೆ ಈಗಾಗಲೇ ಮನೆಯಲ್ಲಿದ್ದರೆ ತೊಟ್ಟಿ ದೊಡ್ಡದು ಮಾಡಿ, ದೀಪ ಹಾಕಿಸಿ, ಸರೀಸೃಪಗಳನ್ನು ನೋಡುವ ವೈದ್ಯರಿಗೆ ತೋರಿಸಬೇಕು. ಅದೂ ಆಗದಿದ್ದರೆ ಆಮೆ ಸಾಕಿ ಗೊತ್ತಿರುವ ಇನ್ನೊಂದು ಮನೆಯನ್ನೋ ಪ್ರಾಣಿರಕ್ಷಣಾ ಕೇಂದ್ರವನ್ನೋ ಹುಡುಕಿ ಒಪ್ಪಿಸಬೇಕು. ಕೆರೆಗೆ ಬಿಡುವಂತಿಲ್ಲ.