ಬೇಲಿಯಾಚೆಯ ಅಕ್ಕನಿಗೊಂದು ಟಚ್ ಫೋನು

"ಡಬ್ಬದ ಮೇಲೆ ಐವತ್ತು ಮೆಗಾಪಿಕ್ಸೆಲ್ ಅಂತ ದಪ್ಪಕ್ಷರದಲ್ಲಿ ಬರ್ದೈತೆ. ಅದು ಒಳ್ಳೇದೇ ಅಲ್ವೇನಪ್ಪ?"

ಪಕ್ಕದ ಮನೆ ಅಕ್ಕ ಬೇಲಿಯಾಚೆಯಿಂದ ಕೇಳಿದಳು. ಹುಣಿಸೇಹಣ್ಣು ಮಾರಿದ ದುಡ್ಡಿನಲ್ಲಿ ಎಂಟು ಸಾವಿರ ಎತ್ತಿಟ್ಟಿದ್ದಾಳೆ, ಟಚ್ ಫೋನು ತರಬೇಕು. ಮನೆ ಇಲ್ಲಿ ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಕಡೆ. ತವರು ಪಾವಗಡದ ಗಡಿಯಲ್ಲಿ. ಮಗಳನ್ನು ಕೊಟ್ಟಿರುವುದು ಸಿರಾಕ್ಕೆ, ತಂಗಿ ಇರುವುದು ಕೊರಟಗೆರೆಯಲ್ಲಿ. ನಾಲ್ಕು ತಾಲ್ಲೂಕಿನ ನೆಂಟಸ್ತನವೂ ಕಡ್ಲೇಕಾಯಿ ಹೊಲದ ವ್ಯವಹಾರವೂ ಆ ಒಂದು ಸೆಟ್ಟಿನಲ್ಲೇ ನಡೆಯಬೇಕು. ಇದು ಸಣ್ಣ ಮಾತಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಕಲ್ಲುಕಂಬಕ್ಕೆ ಒರಗಿ ನಿಂತೆ.

"ಮೆಗಾಪಿಕ್ಸೆಲ್ ಅಂದ್ರೆ ಫೋಟೋದಲ್ಲಿ ಎಷ್ಟು ಚುಕ್ಕಿ ಅನ್ನೋ ಲೆಕ್ಕ ಕಣಕ್ಕ. ಒಂದಕ್ಕೆ ಹತ್ತು ಲಕ್ಷ ಚುಕ್ಕಿ. ಐವತ್ತು ಅಂದ್ರೆ ಐದು ಕೋಟಿ. ಅಂಗಳದ ತುಂಬ ಬಿಂದಿಗೆ ಸಾಲಿಟ್ರೂ ಕೊಳಾಯಿಯಲ್ಲಿ ನೀರು ಬರಬೇಕಲ್ಲ? ಇಲ್ಲಿ ನೀರು ಅಂದ್ರೆ ಬೆಳಕು. ಕಡಿಮೆ ಬೆಲೆ ಫೋನಿನ ಸೆನ್ಸರ್ ಚಿಕ್ಕದು, ಅಷ್ಟೂ ಚುಕ್ಕಿಗೆ ಬೆಳಕು ಸಾಲಲ್ಲ. ಅದಕ್ಕೆ ಫೋನೇ ನಾಲ್ಕು ನಾಲ್ಕು ಚುಕ್ಕಿ ಸೇರಿಸಿ ಒಂದು ಮಾಡಿ, ಕೊನೆಗೆ ಹನ್ನೆರಡೂವರೆ ಮೆಗಾಪಿಕ್ಸೆಲ್ ಫೋಟೋ ಕೊಡುತ್ತೆ."

"ಹಿಂದೆ ಮೂರು ಕಣ್ಣು ಅವೆಯಲ್ಲ?"

"ಈ ಬೆಲೆಗೆ ನಿಜವಾಗಿ ದುಡಿಯೋದು ಹೆಚ್ಚಾಗಿ ಒಂದೇ ಕಣ್ಣು. ನೀನು ಕೇಳಬೇಕಾದ್ದು ಬೇರೆ. ಆ ಒಂದು ಕಣ್ಣಿಗೆ ಆಟೋಫೋಕಸ್ ಐತಾ ಅಂತ ಕೇಳು."

ಆಟೋಫೋಕಸ್ ಇಲ್ಲದ ಕ್ಯಾಮೆರಾದಲ್ಲಿ ದೂರದ ಗುಡ್ಡ ಚೆನ್ನಾಗಿ ಬರುತ್ತದೆ, ನಾಲ್ಕು ಜನ ನಿಂತರೆ ಮುಖಗಳೂ ಬರುತ್ತವೆ. ಪಹಣಿಯ ಸಣ್ಣ ಅಕ್ಷರ, ಆಧಾರ್ ಕಾರ್ಡು, ಕಡ್ಲೇಕಾಯಿ ಗಿಡದ ಎಲೆಚುಕ್ಕೆ ಹಿಡಿಯಲು ಹೋದರೆ ಎಲ್ಲ ಮಂಜು. ನಮ್ಮ ಕಡೆಯ ಮಂದಿ ಕ್ಯಾಮೆರಾದಿಂದ ತೆಗೆಸುವ ಕೆಲಸದಲ್ಲಿ ಅರ್ಧಕ್ಕರ್ಧ ಇಂಥದ್ದೇ. ಪರೀಕ್ಷೆಯೂ ಸುಲಭ. ಅಂಗಡಿಯಲ್ಲೇ ಯಾವುದಾದರೂ ಬಿಲ್ಲನ್ನು ಗೇಣು ದೂರದಿಂದ ಫೋಟೋ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ, ಅತಿ ಸಣ್ಣ ಸಾಲು ಓದಲು ಬಂತೇ ನೋಡಬೇಕು. ಬಂದರೆ ಆ ಕ್ಯಾಮೆರಾ ಹೊಲಕ್ಕೆ ಆಗುತ್ತದೆ.

ಹೊಲಕ್ಕೆ ಅಂದದ್ದು ಸುಮ್ಮನೆ ಅಲ್ಲ. 2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ರೈತರೇ ತಮ್ಮ ಬೆಳೆ ಸಮೀಕ್ಷೆ ಮಾಡಿಕೊಳ್ಳುವ ಆಪ್ ತಂದಿತು. ಸರ್ವೆ ನಂಬರು ಆರಿಸಿ, ಆ ಹೊಲದಲ್ಲೇ ನಿಂತು, ಬೆಳೆಯ ಫೋಟೋ ತೆಗೆದು ಕಳಿಸಬೇಕು. ಫೋಟೋದ ಜೊತೆಗೆ ಜಾಗದ ಗುರುತೂ ಹೋಗುತ್ತದೆ. ಬೆಂಬಲ ಬೆಲೆಗೆ ಮಾರಲು, ವಿಮೆಗೆ, ಬೆಳೆ ಹಾಳಾದಾಗಿನ ಪರಿಹಾರಕ್ಕೆ ಆಮೇಲೆ ನೋಡುವುದು ಅದೇ ದಾಖಲೆಯನ್ನು. ರಾಗಿ ಬಿತ್ತಿದ ಹೊಲ ದಾಖಲೆಯಲ್ಲಿ ಬೀಳು ಅಂತ ಬಂದರೆ ಮುಂದೆ ಅಲೆದಾಟವೇ. ಆಪ್ ಬಾರದವರಿಗೆ ಹಳ್ಳಿಯ ಖಾಸಗಿ ನಿವಾಸಿ, ಅಂದರೆ ಪಿ.ಆರ್. ಹುಡುಗ ಬಂದು ಮಾಡಿಕೊಡುತ್ತಾನೆ, ನಿಜ. ಆದರೂ ತನ್ನ ಹೊಲದ ಫೋಟೋ ತಾನೇ ತೆಗೆಯುವ ಹೆಣ್ಣುಮಗಳು ಇನ್ನೊಬ್ಬರ ದಾರಿ ಕಾಯಬೇಕಿಲ್ಲ, ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

"ಮಳೆ ಬಂದು ಬೆಳೆ ಹಾಳಾದ್ರೆ?" ಅಂದಳು.

"ಆಲಿಕಲ್ಲು, ನೀರು ನಿಂತದ್ದು, ಕುಯ್ದು ಹಾಕಿದ ಬೆಳೆ ನೆಂದದ್ದು ಇಂಥದ್ದಾದ್ರೆ ವಿಮೆಯವರಿಗೆ 72 ಗಂಟೆಯೊಳಗೆ ತಿಳಿಸಬೇಕು. ಆ ಮೂರು ದಿನದಲ್ಲಿ ಫೋನು ನಿನ್ನ ಕೈಲೇ ಇರಬೇಕಕ್ಕ."

2023ರ ಜನವರಿಯಿಂದ ನರೇಗಾ ಕೆಲಸದಲ್ಲೂ ಹೀಗೇ ಆಯಿತು. ದಿನಕ್ಕೆರಡು ಸಲ ಕೂಲಿಯವರ ಫೋಟೋ ಆಪಿನಲ್ಲಿ ಹಾಕುವುದು ಕಡ್ಡಾಯವಾಯಿತು. ಆ ಕೆಲಸ ಕೂಲಿ ಗುಂಪಿನ ಮುಂದಾಳಾದ ಕಾಯಕ ಬಂಧುವಿನ ತಲೆಗೆ ಬಂತು, ಆಕೆಯ ಕೈಯ ಅಗ್ಗದ ಫೋನಿನ ಮೇಲೆ ಗುಂಪಿನ ಕೂಲಿಯೇ ನಿಂತಿತು. ಅಂಗನವಾಡಿ ಟೀಚರ್ ಕೂಡ ಮಕ್ಕಳ ತೂಕ, ಹಾಜರಿಯನ್ನು ಬೆರಳಿಂದಲೇ ತುಂಬುತ್ತಾರೆ. ಎಂಟು ಸಾವಿರದ ಸೆಟ್ಟು ಅಂದರೆ ಆಟದ ಸಾಮಾನು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಟಚ್ಚಿನ ಮಾತು. ಅಕ್ಕ ತನ್ನ ಬಲಗೈ ತೋರಿಸಿದಳು. ಕುಡುಗೋಲು ಹಿಡಿದು, ಹುಣಿಸೆ ಬಡಿದು ಬೆರಳ ತುದಿಯೆಲ್ಲ ಜಡ್ಡುಗಟ್ಟಿದೆ. "ನನ್ನ ಮಗಳ ಫೋನು ನಾನು ಮುಟ್ಟಿದ್ರೆ ಅಲ್ಲಾಡಲ್ಲ. ನ್ಯಾಯಬೆಲೆ ಅಂಗಡೀಲೂ ಹೆಬ್ಬೆಟ್ಟು ತಗೊಳಲ್ಲ. ನನ್ನ ಕೈಯೇ ಸರಿಯಿಲ್ಲ."

"ಕೈ ಸರಿಯಾಗೈತೆ ಕಣಕ್ಕ. ಗಾಜು ಹಂಗೈತೆ."

ಮೊದಮೊದಲ ಅಗ್ಗದ ಟಚ್ ಫೋನುಗಳು ಬೇರೆ ಬಗೆಯವು. 2010ರ ನೋಕಿಯಾ 5233 ನೆನಪಿರುವವರು ಇದ್ದಾರೆ: ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ, ತ್ರೀಜಿ ಇಲ್ಲ, ವೈಫೈ ಇಲ್ಲ. ಅದರ ಪರದೆಯಲ್ಲಿ ಎರಡು ತೆಳು ಪದರ ಇದ್ದು, ಒತ್ತಿದರೆ ಒಂದಕ್ಕೊಂದು ತಾಗಿ ಕೆಲಸವಾಗುತ್ತಿತ್ತು. ಬೆರಳೇ ಬೇಕೆಂದಿಲ್ಲ. ಉಗುರು, ಕಡ್ಡಿ, ಕಡ್ಲೇಕಾಯಿ ಸಿಪ್ಪೆ ಯಾವುದರಿಂದ ಒತ್ತಿದರೂ ಸರಿ. ಈಗಿನ ಗಾಜು ಒತ್ತಡ ನೋಡುವುದಿಲ್ಲ, ಬೆರಳು ತಾಗಿದಾಗ ತನ್ನಲ್ಲಿನ ವಿದ್ಯುತ್ತಿನಲ್ಲಾಗುವ ಅತಿ ಸಣ್ಣ ಬದಲಾವಣೆಯನ್ನು ಗುರುತಿಸುತ್ತದೆ. ಚರ್ಮ ಒಣಗಿ ದಪ್ಪವಾದಷ್ಟೂ ಅದಕ್ಕೆ ಗುರುತು ಸಿಗುವುದು ಕಷ್ಟ. ಬೆರಳನ್ನು ಕೊಂಚ ಪಸೆ ಮಾಡಿಕೊಂಡರೆ ಅಥವಾ ತುದಿಯ ಬದಲು ಬೆರಳ ಮೆತ್ತನೆ ಭಾಗ ಊರಿದರೆ ಒಪ್ಪುತ್ತದೆ. ಕೆಲವು ಫೋನುಗಳ ಸೆಟ್ಟಿಂಗಿನಲ್ಲಿ ಟಚ್ ಚುರುಕು ಮಾಡುವ ಆಯ್ಕೆಯೂ ಇರುತ್ತದೆ. ಅಕ್ಕ ಅಂಗಡಿಗೆ ಮಗಳನ್ನೋ ತಂಗಿ ಮಗನನ್ನೋ ಕಳಿಸದೆ ತಾನೇ ಹೋಗಿ, ಆ ಕೈಯಿಂದಲೇ ಮುಟ್ಟಿ ನೋಡಬೇಕು ಅಂತ ನಾನು ಪಟ್ಟು ಹಿಡಿದದ್ದು ಇದಕ್ಕೆ. ಬೆರಳಚ್ಚಿನ ಲಾಕು ಇದೆ ಅಂತ ಐನೂರು ಜಾಸ್ತಿ ಕೇಳಿದರೆ ಅವಳಿಗದು ಬೇಡ. ನಾಲ್ಕಂಕಿಯ ನಂಬರ್ ಲಾಕು ಸಾಕು.

ಬಿಸಿಲನ್ನಂತೂ ಮರೆಯುವ ಹಾಗೇ ಇಲ್ಲ. ಪಾವಗಡದ ತಿರುಮಣಿ ಸುತ್ತ ಐದು ಹಳ್ಳಿಯ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿರುವುದು ಈ ಬಿಸಿಲನ್ನು ನಂಬಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆಗೆ ರೈತರು ನೆಲ ಕೊಟ್ಟರು. ಅದೇ ಬಿಸಿಲಲ್ಲಿ ಹೊಲದ ನಡುವೆ ನಿಂತು ಅಗ್ಗದ ಫೋನು ತೆಗೆದರೆ ನಮ್ಮ ಮುಖವೇ ಕಾಣುತ್ತದೆ, ಪರದೆ ಕಾಣುವುದಿಲ್ಲ. ಪರದೆಯ ಹೊಳಪನ್ನು ನಿಟ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಅಂಕಿ ಗೊತ್ತಾಗದಿದ್ದರೂ ಚಿಂತೆಯಿಲ್ಲ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಫೋನೂ ಚೆಂದ, ಮಟಮಟ ಮಧ್ಯಾಹ್ನ ಅಂಗಡಿ ಮುಂದಿನ ಬೀದಿಗೆ ತಂದು ನೋಡಬೇಕು. ಇನ್ನೊಂದು ಮಾತು, ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜಿಗೆ ಹಾಕಬಾರದು. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ, ಕಿಟಕಿಯ ಬಿಸಿಲಲ್ಲಿ ಚಾರ್ಜಿಗಿಟ್ಟ ಫೋನು ಬೇಗ ಮುದಿಯಾಗುತ್ತದೆ.

"ಕನ್ನಡ ಬರುತ್ತಾ ಅದ್ರಲ್ಲಿ?"

ಈಗ ಎಲ್ಲದರಲ್ಲೂ ಬರುತ್ತದೆ. 2011ರ ಆಸುಪಾಸಿನ ಅಗ್ಗದ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸಂದೇಶವೆಂದರೆ ಬರೀ ಖಾಲಿ ಚೌಕಗಳ ಸಾಲು. ಆಮೇಲೆ ಭಾರತೀಯ ಮಾನಕ ಬ್ಯೂರೋದ ಐಎಸ್ 16333 ಮಾನಕ ಬಂದು, ಇಲ್ಲಿ ಮಾರುವ ಫೋನು 22 ಭಾಷೆಗಳ ಸಂದೇಶವನ್ನೂ ಓದುವಂತೆ ತೋರಿಸಬೇಕೆಂದಾಯಿತು. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡಕ್ಕೆ ಧ್ವನಿ ಟೈಪಿಂಗ್ ಕೊಟ್ಟಿತು. ಅಕ್ಕನಿಗೆ ಕೀಬೋರ್ಡಿಗಿಂತ ಆ ಮೈಕಿನ ಗುಂಡಿಯೇ ಗೆಳತಿಯಾಗುವುದು. ಗಡಿಯವಳಾದ್ದರಿಂದ ನಡುನಡುವೆ ತೆಲುಗು ನುಗ್ಗುತ್ತದೆ, ಫೋನು ಅಲ್ಲಿ ತಡವರಿಸುತ್ತದೆ. ಬಿಡಿಬಿಡಿಯಾಗಿ ಹೇಳಿದರೆ ಹಿಡಿಯುತ್ತದೆ.

ಗಡಿಯ ಮಾತು ಬಂದರೆ ಸಿಮ್ಮಿನ ಮಾತು ಬರಲೇಬೇಕು. ಪಾವಗಡವನ್ನು ಆಂಧ್ರ ಬಹುಪಾಲು ಸುತ್ತುವರಿದಿದೆ. ಸಿರಾಕ್ಕೂ ಪಾವಗಡಕ್ಕೂ ನಡುವೆ ಆಂಧ್ರದ ಮಡಕಶಿರಾ ಚಾಚಿಕೊಂಡಿದೆ. ಮನೆ ಕರ್ನಾಟಕದಲ್ಲಿ, ಟವರು ಆಚೆಯದು. ಅಕ್ಕನ ತವರಿನಲ್ಲಿ ಜಗಲಿ ಮೇಲೆ ಕೂತವರ ಫೋನಿಗೆ ಆಂಧ್ರಕ್ಕೆ ಸ್ವಾಗತ ಅಂತ ಮೆಸೇಜು ಬರುತ್ತಿತ್ತು, ಬಂದ ಕರೆಗೂ ಕರೆನ್ಸಿ ಕಟ್ಟಾಗುತ್ತಿತ್ತು. ಮಾತಾಡುವವರು ಹಿತ್ತಲಿಗೋ ಮಾಳಿಗೆಗೋ ಓಡಿ ನಮ್ಮ ಟವರು ಹುಡುಕುತ್ತಿದ್ದರು. 2017ರ ಹೊತ್ತಿಗೆ ಕಂಪನಿಗಳು ರೋಮಿಂಗ್ ಒಳಕರೆಯ ಶುಲ್ಕ ಬಿಟ್ಟವು. ಅದಕ್ಕೂ ಮುಂಚೆ ಗಡಿ ಜನಕ್ಕೆ ಉಸಿರು ಕೊಟ್ಟದ್ದು ಎರಡು ಸಿಮ್ಮಿನ ಸೆಟ್ಟುಗಳು. ಒಂದು ಕರ್ನಾಟಕದ್ದು, ಒಂದು ಆಂಧ್ರದ್ದು. ನೋಕಿಯಾ ಅದಕ್ಕೆ ತಡಮಾಡಿ ಕೈಹಾಕಿತು. ಅಷ್ಟರಲ್ಲಿ ಮೈಕ್ರೋಮ್ಯಾಕ್ಸ್ ಬಂದಿತ್ತು, ಬೆಂಗಳೂರಿನ ಯುಟಿಎಲ್ ಕಂಪನಿಯೂ ಪಾಲುದಾರನಾಗಿದ್ದ ಕಾರ್ಬನ್ ಬಂದಿತ್ತು, ಹೆಸರಿಲ್ಲದ ಚೈನಾ ಸೆಟ್ಟುಗಳಂತೂ ರಾಶಿ.

"ನನ್ನ ತಮ್ಮಂದು ಚೈನಾ ಸೆಟ್ಟು ಒಂದಿನ ಇದ್ದಕ್ಕಿದ್ದಂಗೆ ಸತ್ತೋಯ್ತಲ್ಲ, ಯಾಕೆ?" ಅಕ್ಕ ಕೇಳಿದಳು.

ಅದಕ್ಕೆ ಐಎಂಇಐ ನಂಬರು ಇರಲಿಲ್ಲ. ಪ್ರತಿ ಸೆಟ್ಟಿಗೂ ಹದಿನೈದು ಅಂಕಿಯ ಆ ಗುರುತು ಇರಬೇಕು. ಇಲ್ಲದವುಗಳಿಗೆ 2009ರ ಡಿಸೆಂಬರ್ 1ರಿಂದ ದೇಶದಾದ್ಯಂತ ಸಂಪರ್ಕ ಕತ್ತರಿಸಿದರು. ಇವತ್ತಿಗೂ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ನಂಬರು ಪರದೆ ಮೇಲೆ ಬರುತ್ತದೆ. ಬಿಲ್ಲಿನಲ್ಲಿ ಅದೇ ನಂಬರು ಬರೆಸಿಕೊಳ್ಳಬೇಕು. 2023ರಲ್ಲಿ ಬಂದ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ, ಜಾತ್ರೆಯಲ್ಲೋ ಬಸ್ಸಿನಲ್ಲೋ ಕಳೆದ ಫೋನನ್ನು ಆ ನಂಬರಿಂದ ಯಾರೂ ಬಳಸದಂತೆ ತಡೆಸಬಹುದು. ಬಿಲ್ಲಿಲ್ಲದೆ ಇನ್ನೂರು ಕಡಿಮೆ ಮಾಡ್ತೀನಿ ಅಂದರೆ ಒಪ್ಪಬೇಡ ಅಂದೆ.

"ಸರಿ, ಎರಡು ಸಿಮ್ಮಂತೂ ಬೇಕು. ಹಾಡಿನ ಮೆಮೊರಿ ಕಾರ್ಡೂ ಹಾಕ್ಬೇಕು, ದೇವರ ಹಾಡೆಲ್ಲ ಅದ್ರಾಗೇ ಐತೆ."

"ಅಲ್ಲೇ ನೋಡ್ಕೋಬೇಕಾದ್ದು. ಕೆಲವು ಫೋನಲ್ಲಿ ಸಿಮ್ ಹಾಕೋ ತಟ್ಟೇಲಿ ಎರಡೇ ಜಾಗ. ಕಾರ್ಡು ಹಾಕಿದ್ರೆ ಎರಡನೇ ಸಿಮ್ಮಿಗೆ ಜಾಗ ಇಲ್ಲ. ಎರಡು ಸಿಮ್ಮೂ ಬೇಕೇ ಬೇಕಲ್ಲ ನಿಂಗೆ. ದುಡ್ಡು ಕೊಡೋಕೆ ಮುಂಚೆ ಪಿನ್ನು ಚುಚ್ಚಿ ತಟ್ಟೆ ಈಚೆಗೆ ತೆಗೆಸು, ಮೂರು ಜಾಗ ಬೇರೆ ಬೇರೆ ಅವೆಯಾ ಎಣಿಸ್ಕೋ."