ಹಲ್ಲುಜ್ಜಿಸುವ ಅಪ್ಪ

ಹಲ್ಲುಜ್ಜಿಸುವ ಅಪ್ಪ ಮುಖ್ಯವಾಗಿ ನಗರವಾಸಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೇರಳವಾಗಿ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಹೊಸ ಬಡಾವಣೆಗಳಲ್ಲಿ ತಕ್ಕಮಟ್ಟಿಗೆ ಸಿಗುತ್ತಾನೆ. ವಯಸ್ಸು ಮೂವತ್ತರ ಮೇಲೆ, ಮಗು ಒಂದು, ಓದಿದ್ದು ಇಂಜಿನಿಯರಿಂಗ್ ಅಥವಾ ಅದರ ಅಕ್ಕಪಕ್ಕದ್ದು. ರಾತ್ರಿ ಒಂಬತ್ತರ ಸುಮಾರಿಗೆ ಬಚ್ಚಲಮನೆಯ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಯಿ ಅಗಲಿಸಿಕೊಂಡು ‘ಆ...’ ಎನ್ನುತ್ತಿರುವ ಗಂಡಸು ಕಂಡರೆ ಅವನೇ ಎಂದು ತಿಳಿಯಬಹುದು. ಎದುರಿಗೆ ಮಗು ನಿಂತಿರುತ್ತದೆ. ಅದರ ಬಾಯಿ ಮುಚ್ಚಿರುತ್ತದೆ.

ಬಾಣಂತನದ ತಿಂಗಳುಗಳಲ್ಲಿ ಅವನಿಗೆ ಮನೆಯಲ್ಲಿ ಹೇಳಿಕೊಳ್ಳುವಂಥ ಕೆಲಸವಿರುವುದಿಲ್ಲ. ಹಾಲೂಡಿಸುವುದು ತಾಯಿಗೆ, ಎಣ್ಣೆ ಹಚ್ಚಿ ಎರೆಯುವುದು ಅಜ್ಜಿಗೆ. ಡೈಪರ್ ತರುವುದು ಮತ್ತು ಲಸಿಕೆಯ ದಿನ ಕಾರು ಓಡಿಸುವುದು ಅವನಿಗೆ. ಆರನೇ ತಿಂಗಳ ಆಸುಪಾಸಿನಲ್ಲಿ ಕೆಳವಸಡಿನಲ್ಲಿ ಮೊದಲ ಹಲ್ಲಿನ ತುದಿ ಕಂಡಾಗ, ಯಾರೂ ವಹಿಸಿಕೊಳ್ಳದ ಖಾತೆಯೊಂದು ಖಾಲಿ ಬಿದ್ದಿರುವುದು ಅವನಿಗೆ ಹೊಳೆಯುತ್ತದೆ. ಹಲ್ಲು ಕೆಳಗೇ ಬಂತಲ್ಲ ಎಂದು ಅಜ್ಜಿ ನಿರಾಳವಾಗಿ ಉಸಿರುಬಿಡುತ್ತಿರುತ್ತಾರೆ. ಮೇಲಿನದು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಸೋದರಮಾವ ಟೆಕ್ಸಾಸ್‌ನಲ್ಲಿದ್ದರೂ ಅದು ತಟ್ಟುತ್ತದಂತೆ. ಬಹುಪಾಲು ಮಕ್ಕಳಿಗೆ ಕೆಳಗಿನದೇ ಮೊದಲು ಬರುವುದರಿಂದ ಸೋದರಮಾವಂದಿರ ಸಂತತಿ ಉಳಿದುಕೊಂಡಿದೆ. ಅಪ್ಪ ಅಷ್ಟರಲ್ಲಿ ಮೊಬೈಲಿನಲ್ಲಿ ಓದಿ ಮುಗಿಸಿರುತ್ತಾನೆ: ಮೊದಲ ಹಲ್ಲು ಬಂದಾಗಿನಿಂದಲೇ ಉಜ್ಜಬೇಕು, ದಿನಕ್ಕೆ ಎರಡು ಸಲ, ಅದರಲ್ಲಿ ಮಲಗುವ ಮುಂಚಿನದು ತಪ್ಪಬಾರದು.

ಮೊದಲ ಕೆಲವು ತಿಂಗಳು ಎಲ್ಲವೂ ಸಲೀಸು. ಬೆರಳಿಗೆ ಟೋಪಿಯಂತೆ ತೊಡಿಸುವ ಸಿಲಿಕೋನ್ ಬ್ರಷ್ಷನ್ನು ಅವನು ತರಿಸುತ್ತಾನೆ. ಹಲ್ಲು ಹುಟ್ಟುವ ವಸಡಿಗೆ ಕಡಿಯಲು ಏನಾದರೂ ಬೇಕೇ ಬೇಕು, ಆದ್ದರಿಂದ ಮಗು ಅದನ್ನು ಬಾಯಗಲಿಸಿ ಬರಮಾಡಿಕೊಳ್ಳುತ್ತದೆ. ಅಪ್ಪ ಇದನ್ನು ತನ್ನ ವಿಧಾನದ ಗೆಲುವೆಂದು ಎಣಿಸಿ ವೀಡಿಯೊ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ, ಕಚೇರಿಯಲ್ಲಿ ಕಿರಿಯರಿಗೆ ಸಲಹೆ ಕೊಡುತ್ತಾನೆ. ಆ ಸಲಹೆಗಳು ಮುಂದೆ ಅವನಿಗೇ ತೊಡಕಾಗುತ್ತವೆ, ಏಕೆಂದರೆ ಕಿರಿಯರು ವಿಚಾರಿಸುತ್ತಲೇ ಇರುತ್ತಾರೆ.

ಒಂದು ವರ್ಷ ಕಳೆದು ಒಂದೂವರೆಯಾಗುವ ಹೊತ್ತಿಗೆ ಬಾಯಿ ಮುಚ್ಚುತ್ತದೆ. ಇದಕ್ಕೆ ಕಾರಣಗಳು ಸಾಧಾರಣವಾದವು. ಮೊದಲ ದವಡೆಹಲ್ಲುಗಳು ಹುಟ್ಟುವ ಕಾಲವದು, ವಸಡು ನೋಯುತ್ತಿರುತ್ತದೆ. ಬ್ರಷ್ ಹಿಂದಕ್ಕೆ ಹೋದರೆ ಓಕರಿಕೆ ಬರುತ್ತದೆ. ಪುದೀನ ಪೇಸ್ಟು ದೊಡ್ಡವರಿಗೆ ತಂಪು, ಮಗುವಿನ ನಾಲಿಗೆಗೆ ಖಾರ. ಎಲ್ಲಕ್ಕಿಂತ ಹೆಚ್ಚಾಗಿ, ಮೇಲ್ತುಟಿಯ ಒಳಭಾಗವನ್ನು ವಸಡಿಗೆ ಕಟ್ಟಿಹಾಕಿದ ಒಂದು ತೆಳು ಪಟ್ಟಿಯಿದೆ. ಮುಂದಿನ ಹಲ್ಲನ್ನು ಎಡದಿಂದ ಬಲಕ್ಕೆ ಎಳೆದು ತಿಕ್ಕುವಾಗ ಬ್ರಷ್ಷಿನ ತಲೆ ಪ್ರತಿ ಸಲವೂ ಅದಕ್ಕೆ ಬಡಿಯುತ್ತದೆ, ಚುರ್ ಎನ್ನುತ್ತದೆ. ತುಟಿ ಎತ್ತಿ ಆ ಪಟ್ಟಿಯ ಮೇಲೆ ಒಂದು ಬೆರಳು ಅಡ್ಡ ಇಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಇನ್ನರ್ಧಕ್ಕೆ ಬೇರೆ ಕಾರಣವಿದೆ. ಊಟ, ಬಟ್ಟೆ, ನಿದ್ದೆ ಎಲ್ಲದರಲ್ಲೂ ಬೇರೆಯವರ ಮಾತೇ ನಡೆಯುವ ಮನೆಯಲ್ಲಿ ತನ್ನ ಸ್ವಂತ ಅಧಿಕಾರಕ್ಕೆ ಒಳಪಟ್ಟ ಬಾಗಿಲು ತುಟಿಗಳು ಎಂಬುದು ಮಗುವಿಗೆ ಈ ವಯಸ್ಸಿನಲ್ಲೇ ಗೊತ್ತಾಗುವುದು.

ಅಪ್ಪ ಇವನ್ನೆಲ್ಲ ಬಿಟ್ಟು ದೋಷ ಬ್ರಷ್ಷಿನದು ಎಂಬ ತೀರ್ಮಾನಕ್ಕೆ ಬರುತ್ತಾನೆ. ಹಂದಿಯ ಕೂದಲಿನ ಜಾಗಕ್ಕೆ ನೈಲಾನ್ ಎಳೆ ಬಂದದ್ದು 1938ರಲ್ಲಿ, ಅಮೆರಿಕದಲ್ಲಿ. ಅಲ್ಲಿಂದೀಚೆಗೆ ಕೈಯಲ್ಲಿ ಹಿಡಿದು ಉಜ್ಜುವ ಬ್ರಷ್ಷಿನಲ್ಲಿ ಬದಲಾಗಲೇಬೇಕಾದದ್ದು ಬಹಳ ಉಳಿದಿರಲಿಲ್ಲ. ಹಿಡಿಕೆಯ ಮೇಲೆ ಪ್ರಾಣಿಗಳು ಹೆಚ್ಚುತ್ತ ಬಂದಿವೆ, ಅಷ್ಟೆ. ಅವನ ಮನೆಗೆ ಮೊದಲು ಆನೆ ಬರುತ್ತದೆ, ಆಮೇಲೆ ಡೈನೊಸಾರ್, ಆಮೇಲೆ ದೀಪ ಮಿನುಗುವುದು, ಹಾಡು ಹೇಳುವುದು, ಬ್ಯಾಟರಿಯಿಂದ ಗಿರಗುಟ್ಟುವುದು. ಗಿರಗುಟ್ಟುವುದನ್ನು ಕಂಡ ಮಗು ಮಂಚದಡಿ ಸೇರುತ್ತದೆ. ಒಂದೇ ಸಲಕ್ಕೆ ಎಲ್ಲ ಹಲ್ಲಿಗೂ ತೊಡಿಸಬಹುದಾದ, ಕುದುರೆ ಲಾಳದ ಆಕಾರದ ಸಿಲಿಕೋನ್ ಬ್ರಷ್ಷೂ ಒಂದು ಬರುತ್ತದೆ. ಮಗು ಅದನ್ನು ಗೊಂಬೆಗೆ ತೊಡಿಸುತ್ತದೆ. ಗೊಂಬೆಯ ಹಲ್ಲು ಸ್ವಚ್ಛವಾಗಿರುತ್ತದೆ.

ಪೇಸ್ಟಿನ ವಿಚಾರದಲ್ಲಿ ಅವನ ಅಧ್ಯಯನ ಇನ್ನೂ ಆಳ. ಜಾಹೀರಾತುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಅಲೆಯಾಗಿ ಸುರಿಯುವ ಪೇಸ್ಟು ಪೇಸ್ಟ್ ಮಾರುವವರ ಅಳತೆ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು ಸಾಕು, ಆರರವರೆಗೆ ಬಟಾಣಿ ಕಾಳಿನಷ್ಟು. ಅವನು ಸೋನಾಮಸೂರಿಯೋ ಬಾಸ್ಮತಿಯೋ ಎಂದು ಯೋಚಿಸುವ ಜಾತಿಯವನು. ಫ್ಲೋರೈಡ್ ಇರಬೇಕೋ ಬೇಡವೋ ಎಂಬುದು ಅವನ ನಿದ್ದೆ ಕೆಡಿಸಿದ ಪ್ರಶ್ನೆ. ಪಾವಗಡದ ಕಡೆಯ ನೆಂಟರ ಹಲ್ಲುಗಳ ಮೇಲಿನ ಕಂದು ಗೀರುಗಳನ್ನು ಅವನು ಚಿಕ್ಕಂದಿನಿಂದ ಕಂಡಿರುತ್ತಾನೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲೂ ಆ ಗೀರುಗಳಿವೆ. ಅವು ಕೊಳವೆಬಾವಿಯ ಕೊಡುಗೆ: ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದ ಫ್ಲೋರೈಡಿನ ನೀರನ್ನು ಹಲ್ಲು ಒಳಗೊಳಗೇ ರೂಪುಗೊಳ್ಳುವ ವರ್ಷಗಳಲ್ಲಿ ದಿನವೂ ಕುಡಿದದ್ದರ ಫಲ. ನಮ್ಮಲ್ಲಿ ಪೇಸ್ಟಿನ ಫ್ಲೋರೈಡಿಗೆ 1000 ಪಿಪಿಎಂ ಮಿತಿಯಿದೆ. ಆ ಲೆಕ್ಕದಲ್ಲಿ ಅಕ್ಕಿಕಾಳಿನಷ್ಟರಲ್ಲಿ ಇರುವುದು ಸುಮಾರು 0.1 ಮಿಲಿಗ್ರಾಂ. ಉಗುಳಲು ಬಾರದ ಮಗು ನುಂಗಿದರೂ ಗಾಬರಿಯಿಲ್ಲ. ಗಾಬರಿಪಡಬೇಕಾದದ್ದು ಸ್ಟ್ರಾಬೆರಿ ರುಚಿಯ ಟ್ಯೂಬನ್ನು ಮಗುವಿನ ಕೈಗೆ ಸಿಗುವಲ್ಲಿ ಇಟ್ಟಾಗ. ಉಜ್ಜಿಸಿಕೊಳ್ಳಲು ಒಲ್ಲೆನೆನ್ನುವ ಮಗುವಿಗೆ ಪೇಸ್ಟ್ ತಿನ್ನಲು ಯಾವ ತಕರಾರೂ ಇಲ್ಲ.

ಸಲಕರಣೆ ಸೋತ ಮೇಲೆ ರಂಗಭೂಮಿ. ಬ್ರಷ್ಷು ರೈಲಾಗುತ್ತದೆ, ಬಾಯಿ ಸುರಂಗವಾಗುತ್ತದೆ, ಅಪ್ಪ ಏಕಕಾಲಕ್ಕೆ ಇಂಜಿನ್ನೂ ಸ್ಟೇಷನ್ ಮಾಸ್ಟರನೂ ಆಗುತ್ತಾನೆ. ಸಿಂಹದಂತೆ ಗರ್ಜಿಸು ಎಂದರೆ ಬಾಯಿ ತೆರೆದೀತು ಎಂಬ ಲೆಕ್ಕಾಚಾರದಲ್ಲಿ ಅವನು ಗರ್ಜಿಸುತ್ತಾನೆ. ಮಗು ಬಾಯಿ ಮುಚ್ಚಿಕೊಂಡೇ ಗುರ್ ಎನ್ನುವುದನ್ನು ಕಲಿಯುತ್ತದೆ. ಕೆಳಗಿನ ಮನೆಯವರು ನಾಯಿ ಸಾಕಿದ್ದೀರಾ ಎಂದು ಕೇಳುತ್ತಾರೆ. ಹಲ್ಲಿನೊಳಗೆ ಹುಳಗಳು ಮನೆ ಕಟ್ಟುತ್ತಿವೆ ಎಂಬ ಕಥೆಯ ಪರಿಣಾಮ ತಿರುಗುಬಾಣ, ಏಕೆಂದರೆ ಹುಳಗಳ ಮನೆ ಕೆಡವಬಾರದು ಎಂದು ಮಗು ಅಳುತ್ತದೆ. ಕೊನೆಗೆ ಒಂದು ದಣಿದ ರಾತ್ರಿ, ‘ಉಜ್ಜಿಸಿಕೊಂಡರೆ ಚಾಕೊಲೇಟ್’ ಎಂಬ ಒಪ್ಪಂದ ಆಗಿಬಿಡುತ್ತದೆ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆಯನ್ನು ಆಮ್ಲವಾಗಿಸುತ್ತದೆ, ಪಿಎಚ್ 5.5ರ ಸುಮಾರಿಗಿಂತ ಕೆಳಗಿಳಿದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ ಎಂಬುದನ್ನು ಅವನು ಎಲ್ಲರಿಗಿಂತ ಚೆನ್ನಾಗಿ ಬಲ್ಲ. ಚಾಕೊಲೇಟನ್ನು ಉಜ್ಜುವ ಮುಂಚೆಯೇ ಕೊಟ್ಟರೆ ಶಾಸ್ತ್ರಕ್ಕೆ ಸರಿಹೋಗುತ್ತದೆ ಎಂದು ತಿದ್ದುಪಡಿ ತರುತ್ತಾನೆ. ಮಗು ಚಾಕೊಲೇಟ್ ತಿಂದು ಬಾಯಿ ಮುಚ್ಚುತ್ತದೆ.

ಅವನ ಅಧಿಕೃತ ಪ್ರತಿಪಕ್ಷ ಅಜ್ಜಿ. ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುತ್ತದೆ, ಅದಕ್ಕೇಕೆ ಇಷ್ಟು ರಂಪ ಎಂಬುದು ಅವರ ನಿಲುವು. ಈ ವಾದದಲ್ಲಿ ತೂತಿದೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ; ದವಡೆಯ ಹಾಲುಹಲ್ಲುಗಳು ಹತ್ತು ಹನ್ನೆರಡರವರೆಗೆ ಅಗಿಯಬೇಕು, ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗವನ್ನೂ ಕಾಯಬೇಕು. ಅಜ್ಜಿಯ ಇನ್ನೊಂದು ಕಾರ್ಯಕ್ರಮ ಇದಕ್ಕಿಂತ ಅಪಾಯಕಾರಿ: ನಿದ್ದೆಗಣ್ಣಿನ ಮಗುವಿನ ಬಾಯಿಗೆ ಸಕ್ಕರೆ ಹಾಕಿದ ಹಾಲಿನ ಬಾಟಲಿ. ಹಾಗೆ ಮಲಗಿದ ಮಕ್ಕಳಲ್ಲಿ ಮೇಲಿನ ಮುಂಭಾಗದ ಹಲ್ಲುಗಳೇ ಮೊದಲು ಕಪ್ಪಾಗುವುದು. ಕೆಳಗಿನವನ್ನು ನಾಲಿಗೆ ಮತ್ತು ಜೊಲ್ಲು ಕಾಯುತ್ತವೆ. ಇದನ್ನೆಲ್ಲ ಅಪ್ಪ ಅಂಕಿಅಂಶ ಸಮೇತ ವಿವರಿಸುತ್ತಾನೆ. ಅಜ್ಜಿ ತಮ್ಮ ಕಾಲದ ಇದ್ದಿಲು, ಉಪ್ಪು, ಮಾವಿನೆಲೆಗಳನ್ನು ನೆನೆಯುತ್ತಾರೆ, 1913ರಲ್ಲಿ ಬಿ.ವಿ. ಪಂಡಿತರು ಶುರುಮಾಡಿದ ಸದ್ವೈದ್ಯಶಾಲೆಯಿಂದ ಬಂದು ಹಳೆ ಮೈಸೂರಿನ ಬಚ್ಚಲುಗಳನ್ನೆಲ್ಲ ಆಳಿದ ನಂಜನಗೂಡು ಹಲ್ಲುಪುಡಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಆಮೇಲೆ, ‘ನೀನು ಇಷ್ಟೆಲ್ಲ ಓದಿದ್ದೀಯಲ್ಲ, ನಿನ್ನ ಹಲ್ಲು ಹೇಗಿದೆ?’ ಎನ್ನುತ್ತಾರೆ. ಎರಡು ರೂಟ್ ಕೆನಾಲ್ ಆಗಿರುವ ಅಪ್ಪ ಬಾಯಿ ಮುಚ್ಚುತ್ತಾನೆ.

ಅಜ್ಜಿ ಕೇಳಿದ್ದು ಮರ್ಮಕ್ಕೇ. ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಹಲ್ಲುಜ್ಜುವುದು ಬೆಳಗಿನ ಕಾಫಿಗೆ ಅರ್ಹತೆ ಪಡೆಯುವ ವಿಧಿ. ರಾತ್ರಿ ಮೊಸರನ್ನ ಉಂಡು, ಬಾಯಿ ಮುಕ್ಕಳಿಸಿ, ಬಾಳೆಹಣ್ಣು ತಿಂದು ಮಲಗುವುದೇ ವಾಡಿಕೆ. ಮಗುವಿಗೆ ರಾತ್ರಿಯ ಹಲ್ಲುಜ್ಜುವಿಕೆಯ ಮಹತ್ವ ಸಾರುವ ಅಪ್ಪ ಮಗು ಹುಟ್ಟುವವರೆಗೆ ಒಂದು ರಾತ್ರಿಯೂ ಉಜ್ಜಿದವನಲ್ಲ. ಮಗು ಇದನ್ನು ಹೇಗೋ ಪತ್ತೆಹಚ್ಚಿ ‘ನೀನು ಉಜ್ಜು’ ಎನ್ನುತ್ತದೆ. ಅವನು ಉಜ್ಜುತ್ತಾನೆ. ‘ಇನ್ನೊಂದ್ಸಲ’ ಎನ್ನುತ್ತದೆ. ಈ ಹಂತದಲ್ಲಿ ಆ ಮನೆಯಲ್ಲಿ ಅತ್ಯಂತ ಶುಭ್ರವಾದ ಹಲ್ಲುಗಳು ಅವನವು, ಉಳಿದಿರುವಷ್ಟು. ಒಂದು ಮಾತನ್ನು ಅವನ ಪರವಾಗಿ ಹೇಳಬೇಕು: ಅವನು ಮಾಡಿದ ಎಲ್ಲ ಪ್ರಯೋಗಗಳಲ್ಲಿ ಮಗು ಕಣ್ಣು ಮಿಟುಕಿಸದೆ ನೋಡುವುದು ಇದೊಂದನ್ನೇ. ನೋಡಿ ನೋಡಿ ಒಂದು ದಿನ ಅದು ತಾನಾಗಿ ಬ್ರಷ್ಷಿಗೆ ಕೈಚಾಚುತ್ತದೆ. ಆ ದಿನ ಅವನು ಊರಲ್ಲಿರುವುದಿಲ್ಲ.

ಮೊದಲ ಹುಟ್ಟುಹಬ್ಬದೊಳಗೆ ಆಗಬೇಕಾದ ದಂತವೈದ್ಯರ ಭೇಟಿ ಎರಡೂವರೆ ವರ್ಷಕ್ಕೆ ನೆರವೇರುತ್ತದೆ. ಇಪ್ಪತ್ತು ಹಾಲುಹಲ್ಲುಗಳೂ ಬಂದು ಮುಗಿಯುತ್ತಿರುವ ವಯಸ್ಸು ಅದು. ಅಪ್ಪ ಪ್ರಶ್ನೆಗಳನ್ನು ಟೈಪ್ ಮಾಡಿಕೊಂಡು ಹೋಗಿರುತ್ತಾನೆ. ವೈದ್ಯೆ ಅವನನ್ನು ತನ್ನೆದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿ, ಮಗುವಿನ ಕಾಲು ಅವನ ಸೊಂಟದ ಎರಡೂ ಬದಿಗೆ, ತಲೆ ತನ್ನ ಮಡಿಲಿಗೆ ಬರುವಂತೆ ಒರಗಿಸಿಕೊಳ್ಳುತ್ತಾರೆ. ಮಗು ಕಿರುಚುತ್ತದೆ. ಅಳುವ ಬಾಯಿ ತೆರೆದ ಬಾಯಿಯೇ ಆದ್ದರಿಂದ ಅವರು ಶಾಂತವಾಗಿ ಎಲ್ಲ ಹಲ್ಲನ್ನೂ ಎಣಿಸಿ, ವಸಡಿನ ಅಂಚಿನಲ್ಲಿ ಸಣ್ಣ ಸುತ್ತುಗಳಲ್ಲಿ ಉಜ್ಜಿ, ಒಂದು ನಿಮಿಷದಲ್ಲಿ ಎಬ್ಬಿಸಿ ಕೂರಿಸುತ್ತಾರೆ. ಮಗು ಅಳು ನಿಲ್ಲಿಸಿ ಮೀನಿನ ತೊಟ್ಟಿ ನೋಡುತ್ತದೆ. ಅಪ್ಪ ಒಂದು ವರ್ಷದಿಂದ ಎಡವುತ್ತಿದ್ದುದು ಇಲ್ಲೇ: ಮಗುವಿನ ತುಟಿ ನಡುಗಿದ ಕ್ಷಣವೇ ಅವನ ಕೈ ನಿಲ್ಲುತ್ತಿತ್ತು, ತುಟಿ ನಡುಗಿಸುವುದು ಮಗುವಿಗೆ ಬಹಳ ಬೇಗ ಕರಗತವಾಗಿತ್ತು. ಇದೇ ಭಂಗಿಯಲ್ಲಿ ಅಜ್ಜಿ ಎಣ್ಣೆ ಹಚ್ಚುವಾಗಲೆಲ್ಲ ಮಗುವಿನ ವಸಡನ್ನು ಬೆರಳಿನಿಂದ ಒರೆಸುತ್ತಿದ್ದರು ಎಂಬುದೂ ಆಗ ಬೆಳಕಿಗೆ ಬರುತ್ತದೆ. ಯಾವ ಬ್ರಷ್ ಒಳ್ಳೆಯದು ಎಂಬ ಅವನ ಮೊದಲ ಪ್ರಶ್ನೆಗೆ ವೈದ್ಯೆ, ‘ಮೆದುವಾಗಿದ್ದು ತಲೆ ಚಿಕ್ಕದಿರುವ ಯಾವುದಾದರೂ’ ಎನ್ನುತ್ತಾರೆ. ಮಿಕ್ಕ ಪ್ರಶ್ನೆಗಳು ಫೋನಿನಲ್ಲೇ ಉಳಿಯುತ್ತವೆ.

ಮೂರು ತುಂಬುವಾಗ ‘ನಾನೇ’ ಎಂಬ ಹಂತ ಬರುತ್ತದೆ. ಮಗು ಬ್ರಷ್ ಕಸಿದುಕೊಂಡು, ಎಳೆಗಳನ್ನು ಜಗಿದು, ಕನ್ನಡಿಗೆ ಉಗಿದು, ಆಯಿತೆಂದು ಘೋಷಿಸುತ್ತದೆ. ಏಳೆಂಟು ವರ್ಷದವರೆಗೂ ದೊಡ್ಡವರ ಕೈ ಒಂದು ಸುತ್ತು ಆಡಲೇಬೇಕು. ಅಷ್ಟರ ಮಟ್ಟಿನ ಕೈಚಳಕ ಅಲ್ಲಿಯವರೆಗೆ ಮಕ್ಕಳಿಗೆ ಬರುವುದಿಲ್ಲ. ‘ನೀನು ಮೊದಲು, ನಾನು ಆಮೇಲೆ’ ಎಂಬ ಕರಾರಿಗೆ ಇಬ್ಬರೂ ಒಪ್ಪಿದ ಮೇಲೆ ಬಚ್ಚಲಿನಲ್ಲಿ ಸದ್ದು ಅಡಗುತ್ತದೆ, ಅಪ್ಪನ ಗಮನ ಪ್ರೀಸ್ಕೂಲ್ ಸೇರಿಸುವುದರತ್ತ ಹೊರಳುತ್ತದೆ.

ಎರಡನೇ ಮಗುವಿನ ಕಾಲಕ್ಕೆ ಹಲ್ಲುಜ್ಜಿಸುವ ಅಪ್ಪ ಕಾಣಸಿಗುವುದು ಅಪರೂಪ. ಅದು ಅಕ್ಕನನ್ನೋ ಅಣ್ಣನನ್ನೋ ನೋಡಿ, ಬಣ್ಣ ಮಾಸಿದ ಆನೆಯ ಬ್ರಷ್ಷಿನಲ್ಲಿ ಉಜ್ಜಿಕೊಳ್ಳುತ್ತಿರುತ್ತದೆ. ಅಪ್ಪ ಸೋಫಾದ ಮೇಲಿಂದ ‘ಆಯ್ತಾ?’ ಎನ್ನುತ್ತಾನೆ.